ತುಂಬಿಸದ ಪೀಪಾಯಿ

ವಿನೆಗರ್ ಕಾರ್ಖಾನೆಯ ಮೇಸ್ತ್ರಿಯನ್ನು ಬೀದಿಯವರೆಲ್ಲ ಹುಳಿಮಾಮ ಎನ್ನುತ್ತಿದ್ದರು. ಮುಖಕ್ಕೂ ಆ ಹೆಸರು ಒಪ್ಪುತ್ತಿತ್ತು. ನಕ್ಕರೆ ಎಲ್ಲಿ ಖರ್ಚಾಗಿಬಿಡುತ್ತದೋ ಎಂಬಂಥ ಮುಖ. ಪೀಪಾಯಿಯೊಳಗಿನ ಬ್ಯಾಕ್ಟೀರಿಯಾಗಳಿಗೆ ವೈನು, ಗಾಳಿ ಎರಡನ್ನೂ ಒದಗಿಸುವುದು ಅವನ ಕೆಲಸ. ಅವು ವೈನಿನ ಆಲ್ಕೋಹಾಲನ್ನು ಗಾಳಿಯ ನೆರವಿನಿಂದ ಅರಗಿಸಿಕೊಂಡು, ಬದುಕಲು ಬೇಕಾದ ಕಸುವು ಪಡೆದು, ಅಸಿಟಿಕ್ ಆಮ್ಲವನ್ನು ಹೊರಗೆ ಬಿಡುತ್ತಿದ್ದವು. ಅದೇ ವಿನೆಗರಿನ ಹುಳಿ.

"ಅವು ಉಂಡು ಬಿಸಾಡಿದ್ದನ್ನ ನಾವು ಬಾಟ್ಲಿಗೆ ತುಂಬ್ತೀವಿ. ಇದರಲ್ಲಿ ಜಂಬ ಪಡೋಕೇನಿದೆ?" ಎನ್ನುತ್ತಿದ್ದ.

ಜಂಬವೆಲ್ಲ ಮಗಳ ಮೇಲಿತ್ತು. ತಾಯಿಯಿಲ್ಲದ ಹುಡುಗಿ. ಎದುರಿನ ವೈನ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಪೀಪಾಯಿ ನೋಡಿಕೊಳ್ಳುತ್ತಿದ್ದಳು. ಅಲ್ಲಿಗೆ ವಿನೆಗರಿನವರು ಕಾಲಿಡುವಂತಿರಲಿಲ್ಲ. ಬಟ್ಟೆಯಲ್ಲಿ ಕೂತು ಬಂದ ಬ್ಯಾಕ್ಟೀರಿಯಾ ವೈನನ್ನು ಹುಳಿ ಮಾಡೀತೆಂಬ ಭಯ. ಅಂಥ ಅಪ್ಪನ ಮನೆಯಿಂದ ಬರುವ ತಪ್ಪಿಗೆ ಮಗಳು ದಿನವೂ ಗೇಟಿನ ಪಕ್ಕದ ಕೋಣೆಯಲ್ಲಿ ಮಿಂದು, ಬಟ್ಟೆ ಬದಲಿಸಿ ಒಳಹೋಗುತ್ತಿದ್ದಳು.

ಒಂದು ಸಂಜೆ ಅವಳು ತಟ್ಟೆ ಮುಟ್ಟಲಿಲ್ಲ.

"ಅಪ್ಪಾ, ಒಂದು ಪೀಪಾಯಿ ಹುಳಿ ಬಂದ್ಬಿಟ್ಟಿದೆ. ತುಂಬ್ಸೋದು ಮರೆತೆ."

ವೈನ್ ಇಷ್ಟಿಷ್ಟೇ ಆವಿಯಾಗಿ ತಗ್ಗುತ್ತದೆ. ಆಗಾಗ ಕಂಠಮಟ್ಟ ತುಂಬಿಸದಿದ್ದರೆ ಖಾಲಿ ಜಾಗದಲ್ಲಿ ಗಾಳಿ ಸೇರುತ್ತದೆ. ಆಮೇಲೆ ವೈನಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಗಳಿಗೆ ಆ ಗಾಳಿಯೇ ಸಾಕು, ಯಾರ ಅಂಗಿಯೂ ಬೇಕಿಲ್ಲ.

"ಗೊತ್ತಾದ್ರೆ ಕೆಲಸ ಹೋಗುತ್ತೆ," ಎಂದು ಅತ್ತಳು.

"ಹೋದ್ರೆ ಹೋಯ್ತು ಬಿಡು" ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಆ ಕೆಲಸವೆಂದರೆ ಅವಳಿಗೆ ಪ್ರಾಣ. "ನಾನು ಹೇಳೋ ತನಕ ಬಾಯಿ ಬಿಡ್ಬೇಡ. ಮೊದ್ಲು ಉಣ್ಣು," ಎಂದ.

ಬೆಳಗ್ಗೆ ಹೋಗಿ ವೈನ್ ಕಾರ್ಖಾನೆಯ ಮ್ಯಾನೇಜರರ ಮುಂದೆ ನಿಂತ.

"ಸಾರ್, ಮಗಳಿಗೆ ಊಟ ಕೊಡೋಕೆ ಅಂತ ಒಂದಿನ ಕದ್ದು ನೆಲಮಾಳಿಗೆಗೆ ಇಳಿದಿದ್ದೆ. ಅವಳು ಇರ್ಲಿಲ್ಲ. ಒಂದು ಪೀಪಾಯಿ ಮುಚ್ಚಳ ತೆಗೆದು ಮೂಸಿ ನೋಡ್ದೆ. ಹಾಳು ಚಟ. ಈಗ ಅದು ಹುಳಿ ಬಂದಿರುತ್ತೆ ಸಾರ್."

"ಯಾವ ಬಟ್ಟೇಲಿ?"

"ಇದೇ ಬಟ್ಟೇಲಿ."

ಮ್ಯಾನೇಜರರು ಕುರ್ಚಿಸಮೇತ ಹಿಂದೆ ಸರಿದರು. "ಅಯ್ಯೋ ಪುಣ್ಯಾತ್ಮ! ಈಗ್ಲೂ ಅದ್ರಲ್ಲೇ ಬಂದಿದ್ದೀರಲ್ರೀ!"

ಕಿಟಕಿ ತೆರೆಸಿದರು. ಪೀಪಾಯಿಯ ಮಟ್ಟ ಎಷ್ಟಿತ್ತೆಂದು ನೋಡಲು ಯಾರಿಗೂ ಹೊಳೆಯಲಿಲ್ಲ. ತಪ್ಪಿತಸ್ಥ ತಾನಾಗಿ ಬಂದು ನಿಂತಿದ್ದನಲ್ಲ. "ನಿಮ್ಮ ಮಗಳು ಇಲ್ಲಿ ಇರ್ಬೇಕಾದ್ರೆ ನೀವು ಅವಳ ಜೊತೆ ಒಂದೇ ಮನೇಲಿ ಇರೋ ಹಾಗಿಲ್ಲ, ಹತ್ತಿರ ಸುಳಿಯೋ ಹಾಗೂ ಇಲ್ಲ," ಎಂದರು.

ಹುಳಿಮಾಮ ಇಷ್ಟನ್ನು ಎಣಿಸಿರಲಿಲ್ಲ. "ಆಗ್ಲಿ ಸಾರ್," ಎಂದ.

ಮಗಳು ಕೂಗಾಡಿದಳು, ನಿಜ ಹೇಳಿಬಿಡುತ್ತೇನೆಂದಳು. "ಹೇಳಿದ್ರೆ ಇಬ್ರೂ ಸುಳ್ಳುಗಾರರಾಗ್ತೀವಿ, ಸುಮ್ನಿರು," ಎಂದು ಹಾಸಿಗೆ ಸುತ್ತಿಕೊಂಡು ವಿನೆಗರ್ ಕಾರ್ಖಾನೆಯ ಹಿಂದಿನ ಕೋಣೆ ಸೇರಿದ.

ಕೆಟ್ಟ ಪೀಪಾಯಿಯನ್ನು ಮ್ಯಾನೇಜರರು ರಸ್ತೆಯಾಚೆಯ ವಿನೆಗರ್ ಕಾರ್ಖಾನೆಗೆ ಮಾರಿದರು. ಅದೂ ಅವನ ಪಾಲಿಗೇ ಬಂತು.

ರಜೆಯ ದಿನ ಮಗಳು ಊಟದ ಡಬ್ಬಿ ತಂದು ಮೆಟ್ಟಿಲ ಮೇಲಿಟ್ಟು, ರಸ್ತೆಯಂಚಿಗೆ ಹೋಗಿ ನಿಲ್ಲುತ್ತಾಳೆ. ಅವನು ಬಾಗಿಲೊಳಗೇ ನಿಂತು ಮಾತಾಡುತ್ತಾನೆ.

"ನಿನ್ನ ಪೀಪಾಯಿ ಚೆನ್ನಾಗಿ ಹುಳಿಯಾಗಿದೆ ಕಣೇ. ಒಂದು ಬಾಟ್ಲಿ ಕೊಡೋಣಾಂದ್ರೆ ನೀನು ಮುಟ್ಟೋ ಹಾಗಿಲ್ಲ."

ಅವಳು ಕಣ್ಣೊರೆಸಿಕೊಳ್ಳುತ್ತಾಳೆ.

"ಉಳಿದವೆಲ್ಲ ತುಂಬ್ಸಿದ್ಯಾ?"

"ತುಂಬ್ಸಿದೆ ಅಪ್ಪಾ."

ಅವಳು ಬೀದಿಯ ತಿರುವು ದಾಟಿದ ಮೇಲೆ ಅವನು ಹೊರಬಂದು ಡಬ್ಬಿ ಎತ್ತಿಕೊಳ್ಳುತ್ತಾನೆ.