ಬಂದೂಕು ಮಾಡಿದವರನ್ನು ಕೇಳಲು ಹೊರಟ ಅತ್ತಿ

ನನ್ನ ಸೋದರಮಾವನ ಮನೆ ಇರುವುದು ಸಿರುಗುಪ್ಪ ತಾಲ್ಲೂಕಿನಲ್ಲಿ, ತೆಕ್ಕಲಕೋಟೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಕಾಲುವೆ ನೀರಿನ ಗದ್ದೆ. ಭತ್ತ ಹಾಲು ತುಂಬುವ ಹೊತ್ತಿಗೆ ಹಳ್ಳದ ಜಾಲಿಕಂಟಿಗಳ ಒಳಗಿಂದ ಕಾಡುಹಂದಿಗಳು ಇಳಿದು ಬರುತ್ತವೆ. ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಹೆಚ್ಚು. ಅದಕ್ಕೆಂದೇ ಮಾವ ಬೆಳೆ ಕಾಯುವ ಲೈಸೆನ್ಸ್ ಮಾಡಿಸಿ, ಬಳ್ಳಾರಿಯ ಒಂದು ಅಂಗಡಿಯಿಂದ ಹೊಸ ಒಂಟಿ ನಳಿಗೆಯ ಬಂದೂಕು ತಂದಿದ್ದ. ಹಂದಿಗಳನ್ನು ಹೊಡೆಯುತ್ತಿರಲಿಲ್ಲ. ಮೇಲಕ್ಕೆ ಒಂದು ಹಾರಿಸಿದರೆ ಸಾಕು, ಹಿಂಡು ದಿಕ್ಕಾಪಾಲಾಗಿ ಓಡುತ್ತಿತ್ತು.

ಒಂದು ಮುಂಜಾನೆ ಗದ್ದೆಯಿಂದ ಬಂದವನು ಬಂದೂಕನ್ನು ಪಡಸಾಲೆಯ ಗೋಡೆಗೆ ಆನಿಸಿ ನಿಲ್ಲಿಸಿ, ಕೆಸರುಗಾಲು ತೊಳೆಯಲು ಬಚ್ಚಲಿಗೆ ಹೋದ. ಒಳಗೆ ತುಂಬಿದ ತೋಟಾ ಹಾಗೇ ಇತ್ತು. ಅಂದು ಹಂದಿ ಬಂದಿರಲಿಲ್ಲ, ಹಾರಿಸುವ ಪ್ರಸಂಗವೂ ಬಂದಿರಲಿಲ್ಲ. ಅವನ ಹೆಂಡತಿ, ನಮ್ಮ ಅತ್ತಿ, ಪಡಸಾಲೆಯಲ್ಲೇ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಬಂದೂಕು ಜಾರಿ, ಬಂಡೆ ಹಾಸಿದ ನೆಲಕ್ಕೆ ಬಿತ್ತು. ಬಿದ್ದ ಕೂಡಲೇ ಹಾರಿತು. ತೋಟಾದೊಳಗಿನ ಸೀಸದ ಚರೆಗಳು ಅವಳ ಎಡಗಾಲಿನ ಮೀನಖಂಡವನ್ನು ಹರಿದು, ಮೂಳೆಯನ್ನೂ ಮುರಿದವು.

ನಾನು ಬಳ್ಳಾರಿಯಲ್ಲಿ ವಕೀಲಿ ಮಾಡುತ್ತೇನೆ. ಆಸ್ಪತ್ರೆಗೆ ಓಡಿಹೋದಾಗ ಮಾವ ಹೊರಗಿನ ಬೆಂಚಿನ ಮೇಲೆ ಪೊಲೀಸರ ಪಕ್ಕದಲ್ಲಿ ಕೂತಿದ್ದ. ಅಂಗಿಯ ತುಂಬ ಹೆಂಡತಿಯ ರಕ್ತ. ನಿರ್ಲಕ್ಷ್ಯದಿಂದ ಗಾಯ ಮಾಡಿದ ಎಂದು ಅವನ ಮೇಲೆ ಕೇಸಾಯಿತು; ಬಂದೂಕು ಜಪ್ತಿಯಾಯಿತು. ಊರಿನಲ್ಲಿ ಎರಡು ಮಾತು ಹುಟ್ಟಿದವು. ಗಂಡ ಹೆಂಡತಿ ಜಗಳವಾಡಿರಬೇಕು ಎಂಬುದು ಒಂದು, ಹಣೆಬರಹ ಎಂಬುದು ಇನ್ನೊಂದು.

ಆಪರೇಷನ್ ಆಗಿ, ಕಾಲಿಗೆ ಕಬ್ಬಿಣದ ಸರಳು ಹಾಕಿಸಿಕೊಂಡು ಮಲಗಿದ್ದ ಅತ್ತಿ ನನ್ನನ್ನು ಹತ್ತಿರ ಕರೆದಳು.

"ಅವ್ರು ಅದಕ್ಕ ಕೈ ಹಚ್ಚಿದ್ದಿಲ್ಲ. ನಾ ಕಣ್ಣಾರೆ ನೋಡೀನಿ. ಅದು ತಾನಾಗೇ ಬಿತ್ತು, ತಾನಾಗೇ ಹಾರಿತು. ಹೊಸಾ ಬಂದೂಕು ಹಂಗ ಹಾರಬೇಕೇನು?"

"ಹಾರಬಾರದು, ಅತ್ತಿ."

"ಹಂಗಾರ ಮಾಡಿದವ್ರನ್ನ ಕೇಳಬೇಕಲ್ಲ. ಎಲ್ಲಾರೂ ನಿಮ್ಮ ಮಾವನ್ನ ಕೇಳಾಕತ್ತಾರ. ಅದನ್ನ ಮಾಡಿದವ್ರನ್ನ ಯಾರೂ ಯಾಕ ಕೇಳವಲ್ರು?"

ಓದು ಬರಹ ಹೆಚ್ಚು ಬಾರದ ಅತ್ತಿ ಕೇಳಿದ ಆ ಪ್ರಶ್ನೆ ನನಗೆ ಹೊಸದೇನಲ್ಲ. ಮಿಕ್ಸಿ, ಗ್ಯಾಸ್ ಒಲೆ, ಬೀಜದ ಪಾಕೀಟು ಎಂದು ಎಷ್ಟೋ ಕೇಸು ನಡೆಸಿದ್ದೇನೆ. ಆದರೆ ಬಂದೂಕಿನ ಬಗ್ಗೆ ಹಾಗೆ ಕೇಳಬಹುದೆಂದು ನನಗೇ ಹೊಳೆದಿರಲಿಲ್ಲ. ಬಂದೂಕು ಎಂದೊಡನೆ ನಾವೆಲ್ಲ ಹಿಡಿದವನ ಕೈ ನೋಡುತ್ತೇವೆ.

ಬಂದೂಕು ತಯಾರಿಸಿದ ಕಂಪನಿಯ ಮೇಲೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅತ್ತಿಯ ಹೆಸರಿನಲ್ಲಿ ದೂರು ಹಾಕುವುದೆಂದಾಯಿತು. ದೂರು ಬರೆಯುವಾಗಲೇ ನಮ್ಮಿಬ್ಬರಿಗೂ ಜಟಾಪಟಿ ನಡೆಯಿತು. ತೋಟಾ ತುಂಬಿದ ಬಂದೂಕನ್ನು ಮಾವ ಮನೆಯೊಳಗೆ ತಂದಿದ್ದ ಎಂಬುದನ್ನು ನಾನು ಒತ್ತಿ ಬರೆದಿರಲಿಲ್ಲ. ಓದಿ ಹೇಳಿದಾಗ ಅತ್ತಿ ತಡೆದಳು.

"ಅದನ್ನೂ ಬರಿ."

"ಅತ್ತೀ, ಅವ್ರು ಅದನ್ನೇ ಹಿಡ್ಕೊಂಡು ಜಗ್ಗತಾರ."

"ಜಗ್ಗಲಿ. ತೋಟಾ ತೆಗೀದ ಒಳಗ ತಂದದ್ದು ನಿಮ್ಮ ಮಾವನ ತಪ್ಪು. ನಾ ಅವ್ರಿಗೂ ಅಂದೀನಿ. ಬಿದ್ದ ಕೂಡ್ಲೆ ಹಾರಿದ್ದು ಬಂದೂಕಿನ ತಪ್ಪು. ಎರಡೂ ಬರಿ."

ಮಾವ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. "ಬರಿಯವ್ವಾ," ಅಂದ. ಬರೆದೆ.

ಕಂಪನಿಯ ಪರ ವಕೀಲರಾಗಿ ಬಂದವರು ನನ್ನ ಗುರುಗಳೇ. ಕಾನೂನು ಓದಿ ಮುಗಿಸಿದ ಮೇಲೆ ನಾನು ಕೆಲಸ ಕಲಿತದ್ದು ಅವರ ಆಫೀಸಿನಲ್ಲಿ. ತೆಲುಗು, ಕನ್ನಡ, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುವ, ಕೋರ್ಟಿನಲ್ಲಿ ಎಂದೂ ದನಿ ಎತ್ತರಿಸದ ಹಿರಿಯರು. ಕೋರ್ಟಿನ ಕ್ಯಾಂಟೀನಿನಲ್ಲಿ ಒಂದು ದಿನ ಚಹಾ ತರಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಅಮೆರಿಕಾದಾಗ ನಿನ್ನಂಥ ಕೇಸು ಬಾಗಿಲ ಒಳಗೇ ಬರಾಂಗಿಲ್ಲ, ಗೊತ್ತೈತೇನವ್ವಾ? ಬಂದೂಕು ಮಾಡೋರ ಮ್ಯಾಲ, ಮಾರೋರ ಮ್ಯಾಲ ದಾವಾ ಹಾಕಬಾರದು ಅಂತ ಅಲ್ಲಿ ಸಂಸತ್ತೇ ಕಾನೂನು ಮಾಡೈತಿ. ಕುಡುಗೋಲಿನಿಂದ ಯಾರೋ ಕಡಿದ್ರ ಕಮ್ಮಾರನ್ನ ಜೈಲಿಗೆ ಹಾಕ್ತಾರೇನು? ಇಲ್ಲೂ ಅಂಥಾದೊಂದು ಇದ್ರ ಚಲೋ ಇತ್ತು."

ಗುರುಗಳು ಹೇಳಿದರೆಂದು ಹಾಗೇ ನಂಬುವ ಅಭ್ಯಾಸವನ್ನು ಅವರೇ ಬಿಡಿಸಿದ್ದರು. ಅಂದು ಸಂಜೆಯೇ ಆಫೀಸಿನಲ್ಲಿ ಕೂತು ಆ ಕಾನೂನನ್ನು ಹುಡುಕಿ ಓದಿದೆ. ಅವರು ಹೇಳಿದ್ದರಲ್ಲಿ ನಿಜವಿತ್ತು. ಅಲ್ಲಿ ನಗರಾಡಳಿತಗಳೂ ಗುಂಡೇಟು ತಿಂದವರ ಮನೆಯವರೂ ಬಂದೂಕಿನ ಕಂಪನಿಗಳನ್ನು ಕೋರ್ಟಿಗೆ ಎಳೆಯತೊಡಗಿದ್ದರು. ಮತ್ತೊಬ್ಬರು ಮಾಡಿದ ಅಪರಾಧಕ್ಕೆ ತಯಾರಕರನ್ನು ಹೊಣೆ ಮಾಡಬಾರದು ಎಂದು ಆ ಕಾನೂನು ಬಂದು ಕದ ಮುಚ್ಚಿತು. ಆದರೆ ಪೂರ್ತಿ ಮುಚ್ಚಿರಲಿಲ್ಲ. ಕೆಲವು ಕಿಂಡಿ ಬಿಟ್ಟಿದ್ದರು. ಬಂದೂಕಿನಲ್ಲೇ ದೋಷವಿದ್ದು, ಸರಿಯಾಗಿ ಬಳಸುವಾಗ ಗಾಯವಾದರೆ ಕೇಳಬಹುದು. ಆ ಕಿಂಡಿಗೂ ಒಂದು ಅಗುಳಿ ಇತ್ತು. ಗುಂಡು ಹಾರಿದ್ದು ಯಾರಾದರೂ ತಾವಾಗಿ ಮಾಡಿದ ಅಪರಾಧದ ಕೃತ್ಯದಿಂದ ಎಂದಾದರೆ, ದೋಷವಿದ್ದರೂ ಪೂರ್ತಿ ಹೊಣೆ ಆ ಮನುಷ್ಯನದೇ.

ಆ ಸಾಲಿನ ಮುಂದೆ ಬಹಳ ಹೊತ್ತು ಕೂತೆ. ಮಾವನ ಮೇಲೂ ಒಂದು ಕ್ರಿಮಿನಲ್ ಕೇಸು ಇತ್ತಲ್ಲ. ಅವನು ಬೇಕೆಂದು ಏನೂ ಮಾಡಿರಲಿಲ್ಲ, ನಿಜ. ಆದರೂ ಅಲ್ಲಾಗಿದ್ದರೆ ಅವನ ತಪ್ಪಿಗೆ ಏನು ಹೆಸರು ಇಡುತ್ತಾರೆ ಎಂಬುದರ ಮೇಲೇ ಅತ್ತಿಯ ಕಾಲಿನ ಪ್ರಶ್ನೆ ನಿಲ್ಲುತ್ತಿತ್ತೋ ಏನೋ. ಗುರುಗಳ ಕಮ್ಮಾರನ ಮಾತನ್ನೂ ನಾನು ತಳ್ಳಿಹಾಕಲಾರದೆ ಹೋದೆ. ಮಾವ ಸಿಟ್ಟಿನಲ್ಲಿ ಯಾರಿಗೋ ಗುಂಡು ಹೊಡೆದಿದ್ದರೆ ನಾನು ಕಂಪನಿಯ ಬಾಗಿಲಿಗೆ ಹೋಗುತ್ತಿದ್ದೆನೇ? ಇಲ್ಲ. ಹಾಗೆಂದು ಕಮ್ಮಾರನ ಕುಡುಗೋಲಿನ ಹಿಡಿಯೇ ಕಳಚಿ ಬಿದ್ದರೆ? ಆಗಲೂ ಕಮ್ಮಾರನನ್ನು ಕೇಳಬಾರದು ಎನ್ನುವಷ್ಟು ಮಟ್ಟಿಗೆ ಯಾರೂ ಯಾವ ಕೆಲಸಗಾರನನ್ನೂ ಕಾಯುವುದಿಲ್ಲ. ಬಂದೂಕಿಗೆ ಮಾತ್ರ ಯಾಕೆ ಇಷ್ಟು ಕಾವಲು? ಆ ದೇಶಕ್ಕೆ ಅದರದೇ ಕಾರಣಗಳು ಇರಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ ಎಂಬುದೊಂದು ಸಮಾಧಾನ.

ಇದನ್ನೆಲ್ಲ ಅತ್ತಿಯ ಮುಂದೆ ಹೇಳಿದಾಗ ಅವಳು ಕೋಲು ಊರಿಕೊಂಡು ನಡೆಯಲು ಕಲಿಯುತ್ತಿದ್ದಳು. ನಿಂತು ಕೇಳಿದಳು.

"ಮಾಡಿದವ್ರನ್ನ ಕೇಳಬಾರದು ಅಂತ ಕಾನೂನಾ? ಸೋರೋ ಗಡಿಗಿನ ನಾವು ಕುಂಬಾರನ ಮನಿಗೆ ವಾಪಸ್ ಒಯ್ಯಾಂಗಿಲ್ಲೇನು? ಪಾಪ, ಅಲ್ಲಿ ಹೆಣ್ಮಕ್ಕಳು ಎಲ್ಲಿಗೆ ಒಯ್ತಾರ?"

ನಮ್ಮ ಕೇಸಿಗೆ ನಿಜವಾದ ಅಡ್ಡಿ ಬೇರೆಯೇ ಇತ್ತು. ಜಪ್ತಿಯಾದ ಬಂದೂಕನ್ನು ಪರೀಕ್ಷೆಗೆ ಕಳಿಸಿದಾಗ ಅದು ಗುಂಡು ಹಾರಿಸುತ್ತದೆಯೇ ಎಂದಷ್ಟೇ ಕೇಳಲಾಗಿತ್ತು. ಹಾರಿಸುತ್ತದೆ, ಸುಸ್ಥಿತಿಯಲ್ಲಿದೆ ಎಂದು ಉತ್ತರ ಬಂದಿತ್ತು. ಕೇಳಿದ್ದಕ್ಕೆ ತಕ್ಕ ಉತ್ತರ. ಬಿದ್ದಾಗ ಹಾರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಗುರುಗಳು ಆ 'ಸುಸ್ಥಿತಿ'ಯನ್ನೇ ಎತ್ತಿ ಹಿಡಿದರು. ಮೇಲಾಗಿ, ಮಾವ ಅದನ್ನು ಊರಲ್ಲಿ ಎಲ್ಲೋ ಬಿಚ್ಚಿಸಿ ರಿಪೇರಿ ಮಾಡಿಸಿರಬೇಕು, ಹಾಗೆ ಮಾರ್ಪಾಡು ಮಾಡಿದ ವಸ್ತುವಿಗೆ ತಯಾರಕ ಹೊಣೆಯಲ್ಲ ಎಂದರು.

ಮಾವ ಸಿಟ್ಟಾದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. "ಒಂದು ಸ್ಕ್ರೂ ಸೈತ ಮುಟ್ಟಿಲ್ಲವ್ವಾ ನಾನು!" ಎಂದ. ಆಮೇಲೆ ಏನನ್ನೋ ನೆನಪಿಸಿಕೊಂಡವನಂತೆ, "ಅದರ ಜೋಡೀದು ಇನ್ನೊಂದಿತ್ತು," ಅಂದ. ಅಂಗಡಿಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಬಂದೂಕು ಬಂದಿದ್ದವಂತೆ. ಒಂದನ್ನು ಮಾವ ಕೊಂಡ, ಇನ್ನೊಂದನ್ನು ಕುರುಗೋಡಿನ ಒಬ್ಬ ಮೆಣಸಿನಕಾಯಿ ಬೆಳೆಗಾರ. ಇಬ್ಬರೂ ಅಂಗಡಿಯ ಎದುರು ಮಿರ್ಚಿ ತಿಂದು, ಚಹಾ ಕುಡಿದು ಬಸ್ಸು ಹತ್ತಿದ್ದರು.

"ಅವ್ರಿಗೆ ತಿಳಿಸಬೇಕಲ್ಲ!" ಅಂದಳು ಅತ್ತಿ. ಕೇಸಿಗೆ ಅನುಕೂಲವಾದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವಳ ತಲೆಯಲ್ಲಿ ಅದು ಇರಲೇ ಇಲ್ಲ.

ಮೂವರೂ ಕಾರು ಮಾಡಿಕೊಂಡು ಹೋದೆವು. ಕುರುಗೋಡಿನ ಬಂಡೆಗುಡ್ಡದ ಬುಡದಲ್ಲೇ ಆ ಯಜಮಾನರ ಮನೆ. ಹಣೆಗೆ ವಿಭೂತಿ, ದೊಡ್ಡ ಮೀಸೆ. ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ಘಾಟಿಗೆ ನಾವು ಸೀನುತ್ತಲೇ ಒಳಗೆ ಹೋದೆವು. ಅವರಿಗೆ ಮಾವನ ಗುರುತು ಹತ್ತಿತು. "ಬರ್ರಿ ಬರ್ರಿ, ಕೂಡ್ರಿ," ಎಂದು ನೀರು, ಬೆಲ್ಲ ಕೊಟ್ಟರು. ನಾವು ಬಂದ ಕಾರಣ ಕೇಳಿದ ಮೇಲೆ ಮುಖ ಬಿಗಿಯಿತು.

"ನೋಡ್ರಿ, ತಪ್ಪು ತಿಳೀಬ್ಯಾಡ್ರಿ. ಬಂದೂಕು ಇಡೋ ರೀತೀಲೆ ಇಟ್ರ ಏನೂ ಆಗಂಗಿಲ್ಲ. ನಿಮ್ಮ ಯಜಮಾನ್ರು ಎಚ್ಚರ ತಪ್ಪಿದ್ರು. ಅದಕ್ಕ ಕಂಪನಿ ಏನು ಮಾಡೀತು?"

ಅತ್ತಿ ಹೇಳಿದಳು, "ಎಚ್ಚರ ತಪ್ಪಿದ್ದು ಖರೇನ ಐತ್ರಿ. ನಮ್ದು ಬಿಡ್ರಿ. ನಿಮ್ದನ್ನ ಒಂದ್ಸಲ ಖಾಲಿ ಮಾಡಿ, ನೆಲಕ್ಕ ಬೀಳಿಸಿ ನೋಡ್ರಿ. ಏನೂ ಆಗಲಿಲ್ಲಂದ್ರ ನಾವು ಎದ್ದು ಹೊಕ್ಕೀವಿ."

ಯಜಮಾನರು ಒಳಗಿನಿಂದ ಬಂದೂಕು ತಂದರು. ಹಳೆಯ ಪಂಚೆಯಲ್ಲಿ ಸುತ್ತಿ, ಎಣ್ಣೆ ಹಚ್ಚಿ, ಮಗುವಿನಂತೆ ಇಟ್ಟುಕೊಂಡಿದ್ದರು. ನಡುವಿನ ಕೀಲಿನಲ್ಲಿ ಬಗ್ಗಿಸಿ ತೆರೆದು, ನಳಿಗೆಯಲ್ಲಿ ಏನೂ ಇಲ್ಲವೆಂದು ತೋರಿಸಿದರು. ಹಿಂದೆ ಸುತ್ತಿಗೆಯಂತೆ ಎದ್ದು ಬಡಿಯುವ ಭಾಗಕ್ಕೆ ನಮ್ಮ ಕಡೆ ಕುದುರಿ ಎನ್ನುತ್ತಾರೆ. ಅದನ್ನು ಅರ್ಧ ಎಳೆದು ನಿಲ್ಲಿಸಿದರೆ, ಪೂರ್ತಿ ಎಳೆಯುವ ತನಕ ಬಡಿಯಬಾರದು. ಅದೇ ಅದರ ಭದ್ರತೆ; ಮಾವನೂ ಅಂದು ಹಾಗೆ ನಿಲ್ಲಿಸಿಯೇ ಮನೆಗೆ ತಂದಿದ್ದ. ಹಾಗೆ ನಿಲ್ಲಿಸಿ, ಹಿಡಿಯನ್ನು ಕಲ್ಲಿಗೆ ಕುಟ್ಟಿದರು. ಏನೂ ಆಗಲಿಲ್ಲ. ಮತ್ತೆ ಕುಟ್ಟಿದರು. ಏನೂ ಇಲ್ಲ. ಮೀಸೆಯ ಅಡಿ ನಗು ಕಾಣಿಸಿತು.

"ಹಂಗಲ್ರಿ," ಅಂದಳು ಅತ್ತಿ. "ನಮ್ದು ಪಕ್ಕಕ್ಕ ಹೊಳ್ಳಿ ಬಿತ್ತು."

ಅವರು ಗೋಣಿಚೀಲ ಹಾಸಿ, ಬಂದೂಕನ್ನು ನಿಲ್ಲಿಸಿ ಕೈ ಬಿಟ್ಟರು. ಅದು ಪಕ್ಕಕ್ಕೆ ಬಿತ್ತು. ಟಕ್ ಎಂದು ಕುದುರಿ ಬಡಿಯಿತು.

ಅವರು ಕುದುರಿಯನ್ನು ಮತ್ತೆ ಅರ್ಧ ಎಳೆದು, ಬಂದೂಕನ್ನು ಎತ್ತಿ ನಿಲ್ಲಿಸಿ ಬಿಟ್ಟರು. ಟಕ್. ಆಮೇಲೆ ನಿಧಾನವಾಗಿ ತಿರುಗಿ ನಡುಮನೆಯ ಕಡೆ ನೋಡಿದರು. ನಾನೂ ನೋಡಿದೆ. ಬಂದೂಕು ತೂಗುಹಾಕುವ ಗೂಟದ ಕೆಳಗೆ ಮೊಮ್ಮಗಳ ತೊಟ್ಟಿಲು ಕಟ್ಟಿದ್ದರು. ಸೊಸೆ ಬಂದು ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಯಜಮಾನರು ನೆಲದ ಮೇಲೆ ಕೂತು, "ಶಿವನೇ, ಎಷ್ಟು ಸಲ ತುಂಬಿದ್ದನ್ನ ಹಂಗೇ ತೂಗು ಹಾಕೀನಿ," ಅಂದರು. ಆ ಮನೆಗೆ ಬಂದ ಮೇಲೆ ಮಾವ ಮೊದಲ ಬಾರಿಗೆ ಬಾಯಿ ತೆರೆದ. "ನಾನೂ ಹಂಗೇ ರೀ," ಅಂದ. ಅವರು ಮಾವನ ಕೈ ಹಿಡಿದುಕೊಂಡರು.

ಅವರು ನಮ್ಮ ಪರ ಅಫಿಡವಿಟ್ ಬರೆದುಕೊಟ್ಟರು. ಆಯೋಗ ಎರಡೂ ಬಂದೂಕುಗಳನ್ನು ಪರಿಣತರಿಗೆ ಕಳಿಸಿತು, ಈ ಸಲ ಸರಿಯಾದ ಪ್ರಶ್ನೆಯೊಂದಿಗೆ. ಕುದುರಿಯನ್ನು ಹಿಡಿದಿಡುವ ಕಚ್ಚು ತಯಾರಾಗುವಾಗಲೇ ತೆಳುವಾಗಿದೆ, ಎರಡರಲ್ಲೂ ಒಂದೇ ದೋಷ, ಯಾರೂ ಮಾರ್ಪಾಡು ಮಾಡಿದ ಗುರುತಿಲ್ಲ ಎಂದು ವರದಿ ಬಂತು. ಗುರುಗಳು ಕೊನೆಯವರೆಗೂ ಚೊಕ್ಕವಾಗಿಯೇ ವಾದಿಸಿದರು. ಬಂದೂಕು ಅಪಾಯದ ವಸ್ತು ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೆ ಬೇರೆ ಎಚ್ಚರಿಕೆ ಬೇಡ ಎಂದರು. ಹಾರಿಸಿದರೆ ಅಪಾಯ ಎಂಬುದು ಗೊತ್ತು, ಹಾರಿಸದೆಯೇ ಹಾರುತ್ತದೆ ಎಂಬುದು ಯಾರಿಗೆ ಗೊತ್ತಿತ್ತು ಎಂದೆ ನಾನು.

ಹೊರಗೆ ಬಂದಾಗ ಅವರು ಕೇಳಿದರು, "ತೋಟಾ ತುಂಬಿದ ವಿಷಯ ನೀನಾಗೇ ಬರದಿಯಲ್ಲ, ಯಾಕವ್ವಾ? ನಾ ಕಲಿಸಿದ್ದು ಹಂಗಲ್ಲ."

"ಅತ್ತಿ ಬರಸಿದ್ಲು ಸರ್."

ಅವರು ಮೆಟ್ಟಿಲ ಮೇಲೆ ಕೂತಿದ್ದ ಅತ್ತಿಯ ಕಡೆ ನೋಡಿ, ಕೈ ಮುಗಿದು, ಆಟೋ ಹತ್ತಿದರು.

ಆದೇಶ ನಮ್ಮ ಪರವಾಯಿತು, ಪೂರ್ತಿಯಾಗಿ ಅಲ್ಲ. ಮುಖ್ಯ ಹೊಣೆ ಕಂಪನಿಯದು, ತುಂಬಿದ ಬಂದೂಕು ಮನೆಯೊಳಗೆ ಇಟ್ಟದ್ದರಲ್ಲಿ ಮಾವನ ಪಾಲೂ ಇದೆ ಎಂದಿತು ಆಯೋಗ. ಆ ಮಾದರಿಯ ಬಂದೂಕು ಕೊಂಡವರಿಗೆಲ್ಲ ಕಂಪನಿ ತಿಳಿಸಬೇಕು ಎಂದೂ ಹೇಳಿತು. ಅತ್ತಿ ನನ್ನಿಂದ ಮತ್ತೆ ಮತ್ತೆ ಓದಿಸಿ ಕೇಳಿದ್ದು ಆ ಒಂದು ಸಾಲನ್ನು ಮಾತ್ರ. ಮಾವನ ಮೇಲಿನ ಕೇಸೂ ಆ ವರದಿಯ ಮೇಲೆ ಬಿದ್ದುಹೋಯಿತು. ಅವನು ಲೈಸೆನ್ಸ್ ಹಿಂದಿರುಗಿಸಿದ. ಈಗ ಹಂದಿಗಳಿಗೆ ತಗಡು ಬಡಿಯುತ್ತಾನೆ. ಅವು ಸ್ವಲ್ಪ ತಡವಾಗಿ ಓಡುತ್ತವೆ, ಅಷ್ಟೇ.

ಕಂಪನಿ ಮೇಲ್ಮನವಿ ಹಾಕಿ ಆದೇಶಕ್ಕೆ ತಡೆ ತಂದಿತು. ಜನರಿಗೆ ತಿಳಿಸುವ ಮಾತೂ ಅದರೊಂದಿಗೆ ನಿಂತಿತು. ಇಷ್ಟು ಸ್ಪಷ್ಟವಾದದ್ದೂ ಹೀಗೆ ವರ್ಷಗಟ್ಟಲೆ ನಿಲ್ಲುವುದಾದರೆ, ಕದ ಮುಚ್ಚುವ ಕಾನೂನಿಗೂ ಕದ ತೆರೆದಿಟ್ಟು ಕಾಯಿಸುವ ಕಾನೂನಿಗೂ ಅಂತರವೆಷ್ಟು ಎಂದು ನನಗೆ ಬೇಸರವಾಗಿದ್ದು ನಿಜ. ಆದರೂ ಅಂತರವಿದೆ. ಆ ಎರಡು ಬಂದೂಕುಗಳನ್ನು ಒಬ್ಬ ಪರಿಣತ ಮೇಜಿನ ಮೇಲಿಟ್ಟು ಬಿಚ್ಚಿ ನೋಡಿದ್ದು, ಕೇಳಬಹುದು ಎಂಬ ಹಕ್ಕು ನಮಗಿದ್ದುದರಿಂದ.

ಅತ್ತಿ ಮಾತ್ರ ತಡೆಯಾಜ್ಞೆ ತೆರವಾಗಲೆಂದು ಕಾಯಲಿಲ್ಲ. ಕುರುಗೋಡಿನ ಯಜಮಾನರಿಗೆ ಫೋನ್ ಮಾಡಿಸಿದಳು. ಸಿರುಗುಪ್ಪದ ಗೊಬ್ಬರದಂಗಡಿ, ಭತ್ತದ ಮಿಲ್ಲು, ಬಳ್ಳಾರಿಯ ಮೆಣಸಿನಕಾಯಿ ಮಾರುಕಟ್ಟೆ, ರೈತರು ಸೇರುವಲ್ಲೆಲ್ಲ ಇಬ್ಬರೂ ಮಾತು ಹರಡಿದರು. ಕಂಪನಿಯನ್ನು ಬೈಯಬೇಡ, ಬಂದೂಕು ಹೇಗೆ ನೋಡಿಕೊಳ್ಳಬೇಕೆಂದಷ್ಟೇ ಹೇಳು ಎಂದು ವಕೀಲಳಾಗಿ ನಾನು ಎಚ್ಚರಿಸಿದ್ದೆ. "ಬೈದು ಏನು ಮಾಡ್ಲಿ?" ಅಂದಿದ್ದಳು.

ಹೋದ ವಾರ ಊರಿಗೆ ಹೋದಾಗ, ನದಿ ದಂಡೆಯ ಊರಿನಿಂದ ಗಂಡ ಹೆಂಡತಿ ಇಬ್ಬರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಮನೆಯಲ್ಲಿ ಅಂಥದೇ ಬಂದೂಕಿದೆ, ಏನು ಮಾಡಬೇಕು ಎಂದು ಗಂಡಸು ಮಾವನನ್ನು ಕೇಳುತ್ತಿದ್ದ. ಅತ್ತಿ ಕಾಲು ಚಾಚಿಕೊಂಡೇ ಅವನ ಹೆಂಡತಿಯ ಕಡೆ ಹೊರಳಿ, "ಈಗ ಅದರಾಗ ತೋಟಾ ಐತೇನು, ಇಲ್ಲೇನು? ಮೊದ್ಲು ಮನಿಗೆ ಫೋನ್ ಹಚ್ಚು," ಅಂದಳು. ಆ ಹೆಂಗಸು ಸೆರಗಿನ ಗಂಟಿನಿಂದ ಫೋನ್ ತೆಗೆದಳು.