ಒಂದು ನೂಲು ಜಾಸ್ತಿ

ಗುಂಡ್ಲುಪೇಟೆಯ ಬಡಗಿ ಜಿಯಾವುಲ್ಲಾ ಮರವನ್ನು ಎಂದೂ ಗೆರೆಯ ಮೇಲೆ ಕುಯ್ದವನಲ್ಲ. ಗೆರೆಯಿಂದ ಒಂದು ನೂಲು ಆಚೆಗೆ ಕುಯ್ಯುತ್ತಿದ್ದ. ನೂಲೆಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟರಲ್ಲೊಂದು ಪಾಲು. ‘ಉಜ್ಜುಗೊರಡಿಗೂ ಒಂದು ತುತ್ತು ಬ್ಯಾಡ್ವಾ?’ ಎನ್ನುತ್ತಿದ್ದ. ಆಮೇಲೆ ಆ ಒಂದು ನೂಲನ್ನು ಉಜ್ಜಿ ಉಜ್ಜಿ ತೆಗೆದು ಬಾಗಿಲನ್ನು ಚೌಕಟ್ಟಿಗೆ ಕೂರಿಸಿದರೆ ಸಂದಿಯಲ್ಲಿ ಪೋಸ್ಟ್ ಕಾರ್ಡೂ ತೂರುತ್ತಿರಲಿಲ್ಲ. ಅಪ್ಪ ಕಲಿಸಿದ್ದು ಅದು. ನಲವತ್ತು ವರ್ಷ ಅವನ ಕೈ ಹಾಗೇ ಕುಯ್ದಿತ್ತು.

ಶಿವಮಲ್ಲು ಅವನ ಗೆಳೆಯ. ಚಾಮರಾಜನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಪೇಪರ್ ಹಿಡಿದು ಜಿಯಾವುಲ್ಲಾನ ಹಿತ್ತಲಿನ ಶೆಡ್ಡಿಗೆ ಹೋಗಿ ಕೂರುತ್ತಿದ್ದ. ಎರಡು ವರ್ಷದಿಂದ ಅಲ್ಲಿಗೆ ಬಾಗಿಲು ಕಿಟಕಿಯ ಕೆಲಸ ಬಂದಿರಲಿಲ್ಲ. ಬಂದರೆ ಮುರಿದ ಮಂಚ, ಇಲ್ಲವೇ ಅಲ್ಲಾಡುವ ಸ್ಟೂಲು. ಯಾರದೋ ಮುಂಬಾಗಿಲಿಗಾಗುತ್ತದೆ ಎಂದು ತಂದಿಟ್ಟ ಹಲಸಿನ ಹಲಗೆ ಗೋಡೆಗೆ ಒರಗಿ ದೂಳು ಹಿಡಿದಿತ್ತು. ಹೆಂಡತಿ ಜಾಹಿದಾ ಅವನಿಗಾಗಿ ಕಲ್ಯಾಣ ಮಂಟಪವೊಂದರಲ್ಲಿ ವಾಚ್‌ಮನ್ ಕೆಲಸ ಕೇಳಿಟ್ಟಿದ್ದಳು. ‘ಕೂತ್ಕಳೋ ಕೆಲ್ಸಕ್ಕೆ ನಾನ್ಯಾಕೆ ಬೇಕು, ಒಂದು ಕುರ್ಚಿ ಇಟ್ಕಳ್ಲಿ’ ಎಂದು ಅವನು ಎದ್ದು ಹೋಗಿದ್ದ.

ಆಗ ತೆರಕಣಾಂಬಿಯ ಶಂಭುಲಿಂಗಪ್ಪನವರು ಹೊಸ ಮನೆ ಕಟ್ಟಿಸುವ ಸುದ್ದಿ ಬಂತು. ಅವರ ಹಳೆಯ ಮನೆಯ ತಲೆಬಾಗಿಲು ಮಾಡಿದ್ದು ಜಿಯಾವುಲ್ಲಾನ ಅಪ್ಪ. ಇಬ್ಬರೂ ಬಸ್ಸು ಹತ್ತಿ ಹೋದರು.

‘ಮರದ ಕಿಟ್ಕಿ ಈಗ ಯಾರಾಕುಸ್ತಾರೆ ಜಿಯಾ? ಅಲ್ಯೂಮಿನಿಯಂ ಆದ್ರೆ ಮಾಡ್ಕೊಡು’ ಎಂದರು ಶಂಭುಲಿಂಗಪ್ಪ. ‘ಶುಕ್ರುವಾರದೊಳ್ಗೆ ಒಂದು ಮಾಡಿ ತೋರ್ಸು. ಸರಿಯಾದ್ರೆ ಎಲ್ಲಾ ಕಿಟ್ಕೀನೂ ನಿಂದೇ. ಆಗ್ನಿಲ್ವಾ, ಚಾಮರಾಜನಗರದವ್ರಿಗೆ ಯೋಳ್ಬುಡ್ತೀನಿ.’

ಜಿಯಾವುಲ್ಲಾ ಅಲ್ಯೂಮಿನಿಯಂ ಮುಟ್ಟಿದವನೇ ಅಲ್ಲ. ಆದರೂ ಹೂಂ ಅಂದ. ಶೆಡ್ಡಿನಲ್ಲಿ ಮರದ ರೀಪು, ಬೀಡಿಂಗು ಕುಯ್ಯುವ ಕಟಿಂಗ್ ಮಿಷನ್ ಇತ್ತು. ಹಿಡಿಯನ್ನು ಕೆಳಕ್ಕೊತ್ತಿದರೆ ದುಂಡನೆಯ ಬ್ಲೇಡು ತಿರುಗುತ್ತ ಇಳಿಯುವಂಥದ್ದು. ಅದರಲ್ಲಿದ್ದುದು ಮರದ ಬ್ಲೇಡು. ದೊಡ್ಡ ಹಲ್ಲು, ದೂರ ದೂರ.

‘ಇದಕ್ಕೆ ಬೇರೆ ಬ್ಲೇಡು ಇರ್ಬೇಕಲ್ವಾ?’ ಎಂದ ಶಿವಮಲ್ಲು.

‘ಟಿಕೇಟು ಅರಿಯೋನು ನಂಗೆ ಬ್ಲೇಡು ಯೋಳ್ಕೊಡ್ತೀಯಾ? ಇದೇನ್ ಕಬ್ಣವಾ? ಮೆತ್ಗದೆ ಕಣ್ಲಾ. ಈ ಕಿಟ್ಕಿ ಕೂರ್ಲಿ, ಆಮೇಲೆ ತರನ ಬುಡು.’

ಬ್ಲೇಡಿಗೆ ಮೇಣದಬತ್ತಿ ಸವರಿ ಮೊದಲ ಪಟ್ಟಿ ಕುಯ್ದಾಗ ಎದ್ದ ಕಿರುಚುವ ಸದ್ದಿಗೆ ಬೀದಿ ನಾಯಿಗಳೆಲ್ಲ ಬೊಗಳಿದವು. ಬೆಳ್ಳಗೆ ಹೊಳೆಯುವ ಪುಡಿ ಹಾರಿ ತಂತಿಯ ಮೇಲಿನ ಬಟ್ಟೆಗೆಲ್ಲ ಅಂಟಿತು. ಜಾಹಿದಾ ತನ್ನ ನೈಟಿ ಕೊಡವುತ್ತ, ‘ನೋಡಿ ಅಣ್ಣಾ, ಮದ್ವೇಲಿ ತರ್ದಿದ್ ಜರಿ ಸೀರೆ ಈಗ ಉಡುಸ್ತವ್ರೆ ನಿಮ್ಮ ದೋಸ್ತು’ ಎಂದಳು. ಜಿಯಾವುಲ್ಲಾ ಹೊಟ್ಟೆ ಹಿಡಿದು ನಕ್ಕ. ಆ ನಗುವನ್ನು ಶಿವಮಲ್ಲು ಎರಡು ವರ್ಷದಿಂದ ಕೇಳಿರಲಿಲ್ಲ.

ಗುರುವಾರ ಚೌಕಟ್ಟು ನಿಂತಿತು. ಅದರೊಳಗೆ ಸರಿದಾಡಬೇಕಾದ ಕಿಟಕಿ ಬಾಗಿಲು ಮಾತ್ರ ಕೂರಲೇ ಇಲ್ಲ. ಶಿವಮಲ್ಲು ಟೇಪು ಹಿಡಿದ.

‘ಒಂದ್ ನೂಲು ಜಾಸ್ತಿ ಐತೆ ಕಣ್ಲಾ.’

ಜಿಯಾವುಲ್ಲಾ ತನ್ನ ಕೈಯನ್ನೇ ನೋಡಿಕೊಂಡ. ಅವನು ಹೇಳದೆಯೇ ಕೈ ಒಂದು ನೂಲು ಬಿಟ್ಟು ಕುಯ್ದಿತ್ತು. ಉಜ್ಜುಗೊರಡನ್ನು ಎತ್ತಿಕೊಂಡು, ಅದರಿಂದ ಇಲ್ಲಿ ಏನೂ ಆಗದೆಂದು ಹೊಳೆದು ಕೆಳಗಿಟ್ಟ. ಒಂದು ಗಂಟೆ ಅರದಲ್ಲಿ ತಿಕ್ಕಿದ. ತುದಿ ಸೊಟ್ಟಗಾಯಿತು.

‘ಆ ಕಡೆ ಇಡ್ಕೊ. ಒಂದ್ ನೂಲು ಸವರ್ಬುಡ್ತೀನಿ.’

ಶಿವಮಲ್ಲು ಪಟ್ಟಿಯ ಆಚೆ ತುದಿಯನ್ನು ಬರಿಗೈಯಲ್ಲಿ ಹಿಡಿದ. ಗೆರೆ ಹತ್ತಿರದಿಂದ ಕಾಣಲೆಂದು ಜಿಯಾವುಲ್ಲಾ ಕನ್ನಡಕವನ್ನು ಹಣೆಗೆ ತಳ್ಳಿಕೊಂಡು ಮಿಷನ್ನಿನ ಹಿಡಿ ಒತ್ತಿದ. ಅಷ್ಟು ತೆಳ್ಳನೆಯ ಅಂಚನ್ನು ಆ ದೊಡ್ಡ ಹಲ್ಲುಗಳು ಕುಯ್ಯಲಿಲ್ಲ, ಕಚ್ಚಿ ಎಳೆದವು. ಪಟ್ಟಿ ಶಿವಮಲ್ಲುವಿನ ಕೈಯಿಂದ ಕಿತ್ತುಕೊಂಡು ಹೋಯಿತು. ಒಂದು ಚೂರು ಹಾರಿತು.

ಚಾಮರಾಜನಗರಕ್ಕೆ ಒಯ್ದರು, ಅಲ್ಲಿಂದ ಮೈಸೂರಿಗೆ. ಜಿಯಾವುಲ್ಲಾನ ಬಲಗಣ್ಣು ಉಳಿಯಲಿಲ್ಲ.

ಬಡಗಿಗಳು ಹಲಗೆಯ ನೇರ ನೋಡುವಾಗ ಒಂದು ಕಣ್ಣು ಮುಚ್ಚುತ್ತಾರೆ. ‘ಮುಚ್ಚೋ ಕಣ್ಣು ಉಳ್ಕತು, ನೋಡೋ ಕಣ್ಣು ಓಯ್ತು ನೋಡ್ಲಾ ಮಲ್ಲು’ ಎಂದು ಬ್ಯಾಂಡೇಜಿನ ಕೆಳಗಿಂದ ಜಿಯಾವುಲ್ಲಾನೇ ತಮಾಷೆ ಮಾಡಿದ. ಶಿವಮಲ್ಲುವಿಗೆ ನಗಲಾಗಲಿಲ್ಲ. ಒಂದು ನೂಲು ಜಾಸ್ತಿ ಎಂದು ಹೇಳಿದ ಬಾಯಿ ಅವನದೇ, ಪಟ್ಟಿ ಬಿಟ್ಟ ಕೈಯೂ ಅವನದೇ.

ಅದೇ ವಾರ ಶಂಭುಲಿಂಗಪ್ಪ ಕಿಟಕಿಗಳನ್ನು ಬೇರೆಯವರಿಗೆ ಕೊಟ್ಟರು. ಅವರನ್ನು ತಪ್ಪೆನ್ನುವಂತಿರಲಿಲ್ಲ. ಬ್ಯಾಂಡೇಜು ಬಿಚ್ಚಿದ ಮೇಲೆ ಜಿಯಾವುಲ್ಲಾ ಮೊಳೆ ಹೊಡೆಯಲು ಹೋದರೆ ಸುತ್ತಿಗೆ ಬೆರಳಿಗೆ ಬೀಳುತ್ತಿತ್ತು. ಟೀ ಲೋಟವನ್ನು ಮೇಜಿನ ಆಚೆ ಗಾಳಿಯಲ್ಲಿ ಇಡುತ್ತಿದ್ದ. ಎರಡು ತಿಂಗಳಿಗೆ ಶೆಡ್ಡಿಗೆ ಬೀಗ ಹಾಕಿ ವಾಚ್‌ಮನ್ ಕೆಲಸಕ್ಕೆ ಹೋದ. ಶಿವಮಲ್ಲು ಪೇಪರ್ ಹಿಡಿದು ಮಂಟಪಕ್ಕೇ ಹೋಗಿ ಕೂರುತ್ತಿದ್ದ.

ನಾಲ್ಕನೇ ತಿಂಗಳು, ಒಂದು ಮಧ್ಯಾಹ್ನ, ಜಿಯಾವುಲ್ಲಾ ಊಟಕ್ಕೆಂದು ಊಟಿ ರಸ್ತೆ ದಾಟುವಾಗ ಬಲಗಡೆಯಿಂದ ತರಕಾರಿ ವ್ಯಾನು ಬಂತು. ಆ ಕಡೆ ಅವನಿಗೆ ಕಣ್ಣಿರಲಿಲ್ಲ.

ದಫನಿನಲ್ಲಿ ಹೂಳುವ ಮಣ್ಣು ನೇರವಾಗಿ ಮೈಮೇಲೆ ಬೀಳದಂತೆ ಗುಂಡಿಯೊಳಗೆ ಅಡ್ಡಡ್ಡ ಹಲಗೆ ಹಾಸುತ್ತಾರೆ. ಜಾಹಿದಾ ಶೆಡ್ಡಿನ ಬೀಗದ ಕೈ ಕೊಟ್ಟು, ‘ಆ ಹಲಸಿನದ್ದೇ ಹಾಕ್ಬುಡಿ ಅಣ್ಣಾ’ ಎಂದಳು. ಶಿವಮಲ್ಲು ಮಿಷನ್ನಿನ ಕಡೆ ನೋಡದೆ ಕೈಗರಗಸ ಹಿಡಿದು, ಗುಂಡಿ ತೋಡಿದವರು ಕೊಟ್ಟ ಅಳತೆಗೆ ಗೆರೆ ಎಳೆದು ಕುಯ್ದ. ಎಲ್ಲವೂ ಸೊಟ್ಟಗಾದವು. ಜಿಯಾವುಲ್ಲಾ ನೋಡಿದ್ದರೆ ಗರಗಸ ಕಿತ್ತುಕೊಳ್ಳುತ್ತಿದ್ದ.

ಖಬರಸ್ತಾನದಲ್ಲಿ ಗುಂಡಿಗೆ ಇಳಿದವನು ಹಲಗೆ ಇಟ್ಟು ನೋಡಿ ತಲೆ ಎತ್ತಿದ. ‘ಒಸಿ ಉದ್ದ ಆಯ್ತು ಸಾರ್. ಕುಯ್ಸನಾ?’

‘ಬ್ಯಾಡ’ ಎಂದ ಶಿವಮಲ್ಲು. ‘ಮಣ್ಣು ಕೆರೀರಿ.’

ಹಾರೆಯಲ್ಲಿ ಅಂಚು ಕೆರೆದು ಹಲಗೆ ಕೂರಿಸಿದರು. ಆಮೇಲೆ ಮಣ್ಣು ಎಳೆದರು.