ಕವುಚಿಟ್ಟ ಫೋಟೊ

“ಮರುಮದುವೆ ಆಗಿದೀರಾ ಅಮ್ಮ?” ಎಂದು ಹೋದ ವರ್ಷ ನಾನು ಕೇಳಿದ್ದೇ ತಡ, ಗೌರಮ್ಮನವರು ಜೊತೆಗೆ ತಂದು ಮೇಜಿನ ಮೇಲಿಟ್ಟಿದ್ದ ತಮ್ಮ ಗಂಡನ ಯೂನಿಫಾರ್ಮಿನ ಫೋಟೊವನ್ನು ಕವುಚಿಟ್ಟರು.

ಗಂಡ ಮೀಸಲು ಸೈನಿಕರಾಗಿದ್ದವರು. ಅವರು ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿ ನಿಲ್ಲಬಾರದೆಂದರೆ ‘ಬದುಕಿದ್ದೇನೆ, ಮರುಮದುವೆಯಾಗಿಲ್ಲ’ ಎಂದು ಹೆಂಡತಿ ಪ್ರತಿವರ್ಷ ಬರೆದುಕೊಡಬೇಕು. ಅದರ ಫಾರಂ ತುಂಬಿಸಲೆಂದೇ ಗೌರಮ್ಮನವರು ಕಾಫಿ ಕೊಯ್ಲಿನ ಹೊತ್ತಿಗೆ ಗೋಣಿಬೀಡಿನ ನನ್ನ ಜೆರಾಕ್ಸ್ ಅಂಗಡಿಗೆ ಬರುತ್ತಾರೆ.

ಫೋಟೊ ಕವುಚಿಟ್ಟವರು ನನ್ನತ್ತ ಬಾಗಿ ಪಿಸುಗುಟ್ಟಿದರು: “ನಂಗೆ ಎಂಬತ್ತಾಯ್ತು. ಸರ್ಕಾರ ಮಾತ್ರ ಇನ್ನೂ ಆಸೆ ಬಿಟ್ಟಿಲ್ಲ ನೋಡು ಮಾರಾಯ! ಇಲ್ಲ ಅಂತ ಬರಿ. ಇವ್ರಿಗೆ ಮೊದ್ಲೇ ಸಿಟ್ಟು ಜಾಸ್ತಿ.”

ಈ ವರ್ಷ ಮುಜುಗರವಾಗಿ, ಕೇಳದೆಯೇ ‘ಇಲ್ಲ’ ಎಂದು ಬರೆದು ತಲೆಯೆತ್ತಿದೆ. ಗೌರಮ್ಮನವರು ಆಗಲೇ ಫೋಟೊ ಕವುಚಿಟ್ಟು, ನನ್ನ ಪ್ರಶ್ನೆಗಾಗಿ ಕಾಯುತ್ತಾ ಕೂತಿದ್ದರು.